ಗುಲಾಬಿ ಪುಟದಲ್ಲಿ ನಾನು ಅಳಿಸಿದ ಸಾಲು

ಬೇರೆಯವರ ಕೆಲಸವನ್ನು ತಿದ್ದುವುದೆಂದರೆ ನನಗೆ ಮೊದಲಿಂದಲೂ ಖುಷಿ. ಇನ್ನೊಬ್ಬರ ಅಡುಗೆಮನೆಗೆ ಹೋದರೂ ಒಗ್ಗರಣೆ ಸೀದಿದೆ ಅಂತ ಹೇಳದೆ ಬರುವವಳಲ್ಲ. ಹಾಗಾಗಿ ಹೊಸೂರಿನ ಭಾನುವಾರದ ತೋಟಗಾರಿಕೆ ತರಗತಿಯಲ್ಲಿ ಮೇಷ್ಟ್ರು ವಿಕಿ ಶುರು ಮಾಡಿದಾಗ, ಇದು ನನಗಾಗಿಯೇ ಹುಟ್ಟಿದ್ದು ಅನ್ನಿಸಿತು. ಫೋನಿನಲ್ಲೇ ತೆರೆಯುವ ಪುಟಗಳು. ಒಬ್ಬೊಬ್ಬರೂ ತಮಗೆ ಗೊತ್ತಿರುವ ಕೆಲಸದ ಬಗ್ಗೆ ಬರೆಯಬೇಕು, ಉಳಿದವರು ಓದಿ ತಿದ್ದಬೇಕು, ಕೆಳಗೆ ಅಭಿಪ್ರಾಯ ಹಾಕಬೇಕು. ಕೊನೆಗೆ ಉಳಿದಿದ್ದೇ ಎಲ್ಲರಿಗೂ ಪಾಠ.

ತರಗತಿಯಲ್ಲಿ ನಾನೇ ಹಿರಿಯಳು, ನಲವತ್ತಾರು. ರಾಯಕೋಟೆ ಹತ್ತಿರ ನಮ್ಮದು ಅರ್ಧ ಎಕರೆ ಗುಲಾಬಿ, ಬಯಲಲ್ಲಿ ಬೆಳೆಯುವುದು. ನನ್ನ ಪುಟದ ಕೆಳಗೆ ಎಲ್ಲರದೂ ಒಂದೇ ಅಭಿಪ್ರಾಯ: "ಸೂಪರ್ ಅಕ್ಕ." ಓದಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನಾನು ಮಾತ್ರ ಎಲ್ಲರ ಪುಟಕ್ಕೂ ನುಗ್ಗಿ ಕಳೆ ಕಿತ್ತ ಹಾಗೆ ಕಿತ್ತೆ.

ಬೇರಿಕೆಯಿಂದ ಬರುವ ಹುಡುಗಿಯೊಬ್ಬಳಿದ್ದಳು. ಅಲ್ಲೊಂದು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಗುಲಾಬಿ ನೋಡಿಕೊಳ್ಳುವ ಕೆಲಸ. ನಮ್ಮ ತರಗತಿಯ ಸರ್ಟಿಫಿಕೇಟ್ ತಂದರೆ ಸೂಪರ್‌ವೈಸರ್ ಮಾಡುತ್ತೇನೆ ಎಂದು ಮಾಲೀಕರು ಹೇಳಿದ್ದರು. ಅದಕ್ಕೇ ಒಂದು ಭಾನುವಾರವೂ ತಪ್ಪಿಸುತ್ತಿರಲಿಲ್ಲ. ತನ್ನ ಪುಟದಲ್ಲಿ ಅವಳು ಬರೆದಿದ್ದಳು: "ಸಣಕಲು ಕೊಂಬೆಯನ್ನು ಕತ್ತರಿಸಬಾರದು, ಬುಡದ ಹತ್ತಿರ ಮೆಲ್ಲಗೆ ಬಗ್ಗಿಸಬೇಕು."

ನನಗೆ ನಗು ಬಂತು. ಸಣಕಲನ್ನು ಇಟ್ಟುಕೊಂಡು ಪೂಜೆ ಮಾಡುತ್ತಾರಾ? ಆ ಸಾಲು ಅಳಿಸಿ "ಕತ್ತರಿಸಿ ಬಿಸಾಡಬೇಕು" ಎಂದು ಬರೆದೆ. "ಸ್ವಲ್ಪ ನೋಡಿ ಬರಿಯಮ್ಮ" ಅಂತ ಅಭಿಪ್ರಾಯವನ್ನೂ ಹಾಕಿದೆ.

"ಸರಿ ಅಕ್ಕ" ಎಂದು ಉತ್ತರ ಬಂತು. ನಾನು ಗೆದ್ದೆ ಅಂದುಕೊಂಡೆ.

ಪರೀಕ್ಷೆ ತರಗತಿಯ ಪಾಲಿಹೌಸಿನಲ್ಲೇ. ಕೃಷ್ಣಗಿರಿಯಿಂದ ಪರೀಕ್ಷಕರು ಬಂದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಗಿಡ. ಹುಡುಗಿ ಸಣಕಲು ಕೊಂಬೆಯ ಹತ್ತಿರ ಕೈ ತಂದು ನಿಲ್ಲಿಸಿದಳು. ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಕಟ್ ಅಂತ ಕತ್ತರಿಸಿಬಿಟ್ಟಳು.

ಪರೀಕ್ಷಕರು ತಮಿಳಿನಲ್ಲಿ ಬೈದರು. ಬಗ್ಗಿಸಿದ್ದರೆ ಆ ಕೊಂಬೆಯ ಎಲೆಗಳೇ ಗಿಡಕ್ಕೆ ಊಟ ಕೊಡುತ್ತಿದ್ದವು, ದಿನಾ ಪಾಲಿಹೌಸಿನಲ್ಲಿ ದುಡಿಯುವವಳಿಗೆ ಇಷ್ಟೂ ಗೊತ್ತಿಲ್ಲವಾ ಎಂದರು. ಅವರು ಹಾಳೆಯ ಮೇಲೆ ಏನೋ ಗೀಚಿ ಮುಂದಿನ ಗಿಡಕ್ಕೆ ಹೋದರು.

ನಾನು ಅವಳ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. "ಲೇ ಹುಡ್ಗಿ, ಬಗ್ಗುಸ್ಬೇಕು ಅಂತ ನೀನೇ ಬರ್ದಿದ್ದಲ್ಲ? ಯಾಕ್ ಕತ್ರಿಸ್ಬುಟ್ಟೆ?"

"ನೀವು ಅಳಿಸ್ಬುಟ್ರಲ್ಲಕ್ಕ. ದೊಡ್ಡೋರು ಬರ್ದ್ಮೇಲೆ ನಾನೆಂಗೆ ಬಗ್ಗುಸ್ಲಿ? ಅದೂ ನೀವು ಇಲ್ಲೇ ನಿಂತಿದ್ರಿ."

ನನ್ನ ಮರ್ಯಾದೆಗಾಗಿ ತನ್ನ ಕೆಲಸವನ್ನೇ ಕತ್ತರಿಸಿಕೊಂಡಿದ್ದಳು, ಪೆದ್ದಿ. ಅವಳಿಗಿಂತ ದೊಡ್ಡ ಪೆದ್ದಿ ನಾನು.

ವಿಕಿಯ ಒಂದು ಗುಣ ಏನೆಂದರೆ, ಅಳಿಸಿದ್ದೂ ಹೋಗುವುದಿಲ್ಲ. ಯಾರು ಯಾವತ್ತು ಏನು ತೆಗೆದರು ಎಂಬುದೆಲ್ಲ ಪುಟದ ಹಿಂದೆ ಹೆಸರಿನ ಸಮೇತ ಇರುತ್ತದೆ. ಫೋನಿನಲ್ಲಿ ಅದನ್ನು ತೆಗೆದು, ಎಲ್ಲರೆದುರು ಪರೀಕ್ಷಕರ ಮುಂದೆ ಹಿಡಿದೆ. "ಸಾರ್, ಇದು ಅವ್ಳು ಬರ್ದಿದ್ದು. ಇದು ನಾನು ಹಾಳ್ ಮಾಡಿದ್ದು. ಅವ್ಳಿಗೆ ಕೆಲ್ಸ ಗೊತ್ತು, ಇನ್ನೊಂದ್ ಗಿಡ ಕೊಡಿ." ಮೇಷ್ಟ್ರು ಎರಡೂ ಸಾಲನ್ನು ತಮಿಳಿನಲ್ಲಿ ಓದಿ ಹೇಳಿದರು. ಯಾರೋ ಕಿಸಕ್ಕೆಂದರು. ನಗಲಿ ಬಿಡಿ ಅಂದುಕೊಂಡೆ.

ಪರೀಕ್ಷಕರು ಅವಳನ್ನು ಕೊನೆಯ ಗಿಡದ ಹತ್ತಿರ ಕರೆದರು. ಅವಳು ಮಂಡಿಯೂರಿ ಕೂತು, ಕೊಂಬೆಯ ಬುಡಕ್ಕೆ ಹೆಬ್ಬೆರಳು ಕೊಟ್ಟು, ಸ್ವಲ್ಪ ತಿರುಚಿ ಮಲಗಿಸಿದಳು. ಮುರಿಯಲಿಲ್ಲ. ಈ ಸಲ ನನ್ನ ಕಡೆ ನೋಡಲೇ ಇಲ್ಲ. ಪರೀಕ್ಷಕರು ಗೀಚಿದ್ದನ್ನು ಹೊಡೆದುಹಾಕಿ ಪಾಸು ಮಾಡಿದರು.

ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯ ಪಕ್ಕದಲ್ಲೇ ನಿಂತು ಅವಳ ಸಾಲನ್ನು ಪುಟಕ್ಕೆ ವಾಪಸ್ ಹಾಕಿದೆ. "ಈಗ ನನ್ ಪುಟ ತಿದ್ದು. ಸೂಪರ್ ಅಕ್ಕ ಅಂತ ಬರ್ದ್ರೆ ನಿನ್ಜೊತೆ ಮಾತಿಲ್ಲ ಕಣೆ."

"ಬೇಜಾರ್ ಮಾಡ್ಕಂಡ್ರೆ?"

"ಮಾಡ್ಕಂತೀನಿ. ಆದ್ರೂ ತಿದ್ದು."

ಮುಂದಿನ ಭಾನುವಾರ ನೋಡಿದರೆ ನನ್ನ ಪುಟ ಅರ್ಧಕ್ಕೆ ಇಳಿದಿತ್ತು! ಕೆಳಗೆ ಬರೆದಿದ್ದಳು: "ಅಕ್ಕ, ನಿಮ್ಮ ಎರಡು ಉಪಾಯ ತೆಗೆದಿದ್ದೀನಿ. ಮೊದಲನೇದು ಬಯಲಿಗೆ ಸರಿ, ಪಾಲಿಹೌಸಿಗೆ ಆಗಲ್ಲ. ಎರಡನೇದು ಎಲ್ಲೂ ಆಗಲ್ಲ."

ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಅವಳೀಗ ಸೂಪರ್‌ವೈಸರ್. ನನ್ನ ಆ ಎರಡನೆಯ ಉಪಾಯವನ್ನು ನಮ್ಮ ತೋಟದಲ್ಲೇ ಮಾಡಿ ನೋಡಿದೆ. ಅವಳು ಹೇಳಿದ್ದೇ ಸರಿ. ಆ ಸಾಲನ್ನು ವಾಪಸ್ ಹಾಕಲಿಲ್ಲ.