ಸೆಲ್ಫ್ ಎಳೆಯದ ಕಾರು

ಬಿಡದಿಯ ಕಾರು ಕಾರ್ಖಾನೆಯಲ್ಲಿ ನನ್ನ ಕೆಲಸ ಬಾಗಿಲಿನ ಚೌಕಟ್ಟಿಗೆ ರಬ್ಬರು ಕೂರಿಸುವುದು. ಅದೂ ಎಡಗಡೆಯ ಹಿಂಬಾಗಿಲಿಗೆ ಮಾತ್ರ. ಮುಂಬಾಗಿಲಿಗೆ ಬೇರೆಯವನಿದ್ದ, ಬಲಗಡೆಗೆ ಇನ್ನಿಬ್ಬರಿದ್ದರು. ನಾನು ನಿಲ್ಲುತ್ತಿದ್ದ ಜಾಗಕ್ಕೆ ಬರುವಾಗ ಕಾರಿಗೆ ಇನ್ನೂ ಎಂಜಿನ್ನೇ ಬಂದಿರುತ್ತಿರಲಿಲ್ಲ. ಬಂದದ್ದಕ್ಕೆ ರಬ್ಬರು ಒತ್ತುವುದು, ಮುಷ್ಟಿಯಿಂದ ನಾಲ್ಕು ಗುದ್ದು ಗುದ್ದುವುದು, ಮುಂದಿನದಕ್ಕೆ ಕಾಯುವುದು. ನಾಲ್ಕು ವರ್ಷ ಇದನ್ನೇ ಮಾಡಿದ್ದೆ.

ಇಷ್ಟು ಬಂಡವಾಳದಲ್ಲಿ ನಾನು ಊರಿಗೆ ಕಾರು ಪಂಡಿತನಾಗಿದ್ದೆ. ನಮ್ಮೂರು ಮಾಗಡಿಯಿಂದ ಕುದೂರಿಗೆ ಹೋಗುವ ದಾರಿಯಲ್ಲಿದೆ. ಕಾರ್ಖಾನೆಯ ಬೂದು ಅಂಗಿ ತೊಟ್ಟು ಬಸ್ಸಿಳಿದು ನಡೆದುಬಂದರೆ ಜಗುಲಿಯ ಮೇಲಿದ್ದವರು ಮಾತು ನಿಲ್ಲಿಸಿ ನೋಡುತ್ತಿದ್ದರು. ವಾರದ ರಜೆಯಲ್ಲೂ ನಾನು ಆ ಅಂಗಿಯನ್ನೇ ಹಾಕಿಕೊಳ್ಳುತ್ತಿದ್ದೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನನಗಿಂತ ದೊಡ್ಡ ಪಂಡಿತ ನನ್ನ ಸೋದರಮಾವ. ರಾಗಿ, ಹುರುಳಿ ಬೆಳೆದುಕೊಂಡು ನೆಟ್ಟಗಿದ್ದ ಮನುಷ್ಯ. ಬಿಡದಿ ಕಡೆ ಕಾರ್ಖಾನೆಗಳು ಹಬ್ಬಿ, ಭೂಮಿಯ ಬೆಲೆ ಮಾಗಡಿಯವರೆಗೂ ಏರಿದ ಮೇಲೆ, ಬೆಂಗಳೂರಿನಿಂದ ಬಂದವರಿಗೆ ಇನ್ನೊಬ್ಬರ ಜಮೀನು ತೋರಿಸುವ ಕಸುಬು ಹಿಡಿದ. ಅದಕ್ಕೊಂದು ಹಳೆಯ ಡೀಸೆಲ್ ಕಾರು ತಂದ. ಕಾರು ಹಳೆಯದೆಂದು ಗಿರಾಕಿಗೆ ಗೊತ್ತಾದರೆ ಭೂಮಿಯೂ ಹಳಸಿದಂತೆ ಕಾಣುತ್ತದೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ರಾಮನಗರದಲ್ಲಿ ಅದಕ್ಕೆ ಬಿಳಿ ಬಣ್ಣ ಹೊಡೆಸಿದ. ಹೊರಗಷ್ಟೇ ಅಲ್ಲ, ಬಾನೆಟ್ ಎತ್ತಿ ನೋಡಿದರೂ ಥಳಥಳ ಅನ್ನಬೇಕೆಂದು ಒಳಗೂ ಬಳಿಸಿದ.

ಅದಾದ ಮೇಲೆ ಕಾರು ಸ್ಟಾರ್ಟ್ ಆಗುವುದಿಲ್ಲವೆಂದು ಹಟ ಹಿಡಿಯಿತು. ಕೀಲಿ ತಿರುಗಿಸಿದರೆ ಎಂಜಿನ್ನು ಸರಕ್ಕನೆ ತಿರುಗುವ ಬದಲು, ಊಟ ಹೆಚ್ಚಾದ ಮುದುಕ ಮಗ್ಗುಲು ಬದಲಿಸುವಂತೆ ನರಳಿ ಅರ್ಧಕ್ಕೆ ನಿಲ್ಲುತ್ತಿತ್ತು. ಮಾವ ನನ್ನನ್ನು ಕರೆಸಿದ.

"ದಿನಾ ಕಾರು ಹೆರೋ ಜಾಗದಾಗಿದ್ದೀಯ ಕಣ್ಲಾ. ಸೆಲ್ಫ್ ಎಳೀತಿಲ್ಲ, ಒಸಿ ನೋಡು," ಅಂದ.

ನಾನು ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ನೋಡುವುದಂತೂ ನನಗೆ ಬರುತ್ತಿತ್ತು.

"ಬ್ಯಾಟರಿ ಹೋಗೈತೆ ಮಾವ," ಅಂದೆ.

ಹೊಸ ಬ್ಯಾಟರಿ ಬಂತು. ನರಳಾಟ ಹಾಗೇ ಇತ್ತು. ಮುಂದಿನ ವಾರ, ಎಂಜಿನ್ನನ್ನು ಮೊದಲು ತಿರುಗಿಸುವ ಸೆಲ್ಫ್ ಮೋಟರೇ ಹೋಗಿದೆ ಅಂದೆ. ಅದನ್ನು ಬಿಚ್ಚಿಸಿ ರಾಮನಗರಕ್ಕೆ ಹೊತ್ತುಕೊಂಡು ಹೋದೆವು. ಅಲ್ಲಿಯ ರಿಪೇರಿಯವನು ಮೇಜಿನ ಮೇಲಿಟ್ಟು ತಂತಿ ಮುಟ್ಟಿಸಿದರೆ ಮೋಟರು ಬುರ್ರನೆ ತಿರುಗಿತು. "ಇದ್ರಾಗೇನೂ ಇಲ್ಲ, ಚೆನ್ನಾಗೈತೆ," ಅಂದ. ನಾನು ಮಾವನ ಕಿವಿಯಲ್ಲಿ, "ಇವನಿಗೆ ಗೊತ್ತಾಗಲ್ಲ," ಅಂದೆ. ನಿಜವನ್ನು ಹೇಳಿದ ಮೊದಲ ಮನುಷ್ಯ ಅವನೇ. ಅವನಿಗೆ ಅಂಗಿ ಇರಲಿಲ್ಲ, ಬರೀ ಬನಿಯನ್ ಇತ್ತು. ಅದಕ್ಕೇ ನಾವು ನಂಬಲಿಲ್ಲ.

ಮೂರನೆಯ ವಾರ ಎಂಜಿನ್ ಆಯಿಲ್ ಗಟ್ಟಿಯಾಗಿದೆ ಅಂದೆ. ಆಯಿಲೂ ಬದಲಾಯಿತು. ಆಮೇಲೆ ನನ್ನ ಹತ್ತಿರ ರೋಗದ ಹೆಸರುಗಳು ಮುಗಿದುಹೋದವು. "ಹಳೇ ಗಾಡಿ ಮಾವ, ಹಿಂಗೇ," ಅಂದುಬಿಟ್ಟೆ.

ಮಾವ ಅದಕ್ಕೂ ದಾರಿ ಕಂಡುಕೊಂಡ. ಉರುಳಿಬಿಟ್ಟು ಗೇರಿಗೆ ಹಾಕಿದರೆ ಎಂಜಿನ್ನು ಏಳುತ್ತಿತ್ತಾದ್ದರಿಂದ ಇಳಿಜಾರಿದ್ದಲ್ಲಿ ಮಾತ್ರ ಕಾರು ನಿಲ್ಲಿಸುತ್ತಿದ್ದ. ಇಳಿಜಾರಿನ ನೆಂಟರ ಮನೆಗೆ ಮಾತ್ರ ಹೋಗುತ್ತಿದ್ದ. ಗಿರಾಕಿಗಳಿಗೂ ದಿಣ್ಣೆಯ ಜಮೀನನ್ನೇ ತೋರಿಸಿ, "ಎತ್ತರದಾಗೆ ಗಾಳಿ ಚೆನ್ನಾಗಿರ್ತದೆ," ಅನ್ನುತ್ತಿದ್ದ. ಕೆರೆಯ ಕೆಳಗಿನ ಬಂಗಾರದಂಥ ಮಟ್ಟಸ ಭೂಮಿ ಈ ಕಾರಿನ ದೆಸೆಯಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ರಜೆಯ ದಿನ ಬೆಳಿಗ್ಗೆ ಗಿರಾಕಿಗಳಿಬ್ಬರನ್ನು ಕೂರಿಸಿಕೊಂಡು ಕುದೂರಿಗೆ ಹೊರಟೆವು. ನನ್ನನ್ನು ಕರೆದುಕೊಂಡದ್ದು ಆ ಅಂಗಿಯ ಸಲುವಾಗಿ. "ನಮ್ಮಕ್ಕನ ಮಗ, ಕಾರು ಕಂಪನೀಲಿ ಎಂಜಿನಿಯರ್ರು," ಎಂದು ಮಾವ ಪರಿಚಯಿಸಿದ. ನಾನು ತಿದ್ದಲಿಲ್ಲ.

ಕುದೂರಿನ ಪೇಟೆಯಲ್ಲಿ ಎದುರಿಗೆ ಎತ್ತಿನ ಗಾಡಿ ಬಂತು. ಮಾವ ಬ್ರೇಕು ಒತ್ತಿದ, ಕ್ಲಚ್ಚು ಒತ್ತಲು ಮರೆತ. ಕಾರು ಕುಪ್ಪಳಿಸಿ ಆರಿಹೋಯಿತು. ಅಂಗೈಯಂಥ ಮಟ್ಟಸ ರಸ್ತೆ. ಗಿರಾಕಿಗಳು ಇಳಿದು, ಬಿಳಿ ಬೂಟುಗಳನ್ನು ಧೂಳಿನಲ್ಲಿ ಊರಿ ತಳ್ಳಿದರು. ಕಾರು ಪಂಪ್‌ಸೆಟ್ ಮೋಟರ್ ರಿಪೇರಿ ಅಂಗಡಿಯೊಂದರ ಬಾಗಿಲಿಗೆ ಅಡ್ಡಲಾಗಿ ಹೋಗಿ ನಿಂತಿತು.

ಒಳಗೆ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಿದ್ದ ಹೆಂಗಸು ಎದ್ದು ಬಂದರು. ವಯಸ್ಸು ನಲವತ್ತೈದರ ಸುಮಾರು. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟಿದ್ದರು. ಅಂಗಡಿ ಅವರದೇ ಎಂದು ಆಮೇಲೆ ತಿಳಿಯಿತು.

"ಯಜಮಾನ್ರೇ, ಬಾಗ್ಲಿಗೇ ನಿಲ್ಸಿದ್ರಲ್ಲ. ಮೋಟ್ರು ಹೊತ್ಕೊಂಡು ಬರೋರು ಹೆಂಗೆ ಬರ್ಬೇಕು?"

"ಸ್ಟಾರ್ಟ್ ಆಗ್ತಿಲ್ಲ ಕಣಮ್ಮ. ಹಳೇ ಗಾಡಿ."

"ಯಾವಾಗಿಂದ?"

ಈ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮಾವ ತಲೆ ಕೆರೆದುಕೊಂಡು, "ಎರಡು ತಿಂಗ್ಳಿಂದ," ಅಂದ.

"ಅದ್ಕೆ ಮುಂಚೆ ಏನಾರ ಕೆಲ್ಸ ಮಾಡ್ಸಿದ್ರಾ?"

"ಬಣ್ಣ ಹೊಡಿಸ್ದೆ. ಬಣ್ಣಕ್ಕೂ ಸೆಲ್ಫಿಗೂ ಏನಮ್ಮ ಸಂಬಂಧ?" ಮಾವ ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ.

ಆಕೆ ನಗಲಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಕೀಲಿ ತಿರುಗಿಸಲು ಹೇಳಿದರು. ಎಂಜಿನ್ನು ನರಳಿತು, ಆದರೆ ದೀಪ ಒಂದಿಷ್ಟೂ ಮಂಕಾಗಲಿಲ್ಲ.

"ಬ್ಯಾಟರಿ ಗಟ್ಟಿಯಾಗೈತೆ. ಇಲ್ದೇ ಇದ್ದಿದ್ರೆ ದೀಪ ಕುಗ್ಗಿಬಿಡ್ತಿತ್ತು. ಕರೆಂಟು ಐತೆ, ಮೋಟ್ರಿಗೆ ಪೂರ್ತಿ ಹೋಗ್ತಿಲ್ಲ." ಇನ್ನೆರಡು ಸಲ ತಿರುಗಿಸಲು ಹೇಳಿ, ಬಾನೆಟ್ಟಿನೊಳಗೆ ಒಂದೊಂದು ತಂತಿಯನ್ನೂ ಬೆರಳಿನಿಂದ ಮುಟ್ಟುತ್ತ ಹೋದರು. ಆಕ್ಸಿಲರೇಟರ್ ತಂತಿಯ ಹತ್ತಿರ ಕೈ ಹಿಂದಕ್ಕೆಳೆದುಕೊಂಡರು. ನನ್ನನ್ನು ಕರೆದು, "ಮುಟ್ಟಪ್ಪ," ಅಂದರು. ಮುಟ್ಟಿದೆ. ಸುಡುತ್ತಿತ್ತು.

"ಇದು ಕರೆಂಟು ಹೋಗೋ ದಾರಿಯಲ್ಲ. ಸರಿಯಾದ ದಾರಿ ಮುಚ್ಚಿದ್ರೆ ಜನ ಪಕ್ಕದ ಹೊಲದ ಬದು ತುಳ್ಕೊಂಡು ಹೋಗಲ್ವಾ, ಹಂಗೆ ಇದ್ರಾಗೆ ನುಗ್ತಾ ಐತೆ. ವಾಪಸ್ ಹೋಗೋ ಅರ್ತ್ ತಂತಿ ಎಲ್ಲೋ ಹಿಡ್ಕೊಂಡಿಲ್ಲ."

ಒಳಗಿನಿಂದ ದಪ್ಪ ಕೇಬಲ್ಲಿನ ತುಂಡೊಂದನ್ನು ತಂದರು. ಒಂದು ತುದಿಯನ್ನು ಎಂಜಿನ್ನಿನ ಕಬ್ಬಿಣಕ್ಕೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಒತ್ತಿ ಹಿಡಿದು, "ಈಗ ಸೆಲ್ಫ್ ಹೊಡೀರಿ," ಅಂದರು. ಎಂಜಿನ್ನು ಒಂದೇ ಏಟಿಗೆ ಎದ್ದಿತು. ಗಿರಾಕಿಗಳು ಚಪ್ಪಾಳೆ ತಟ್ಟಿದರು.

ಅವರು ಹೇಳಿದ ಅರ್ತ್ ತಂತಿ, ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅಗಲವಾದ ಪಟ್ಟಿ. ಬಣ್ಣದವನು ಅದನ್ನು ಬಿಚ್ಚಿ, ಬೋಲ್ಟು ಕೂರುವ ಜಾಗಕ್ಕೂ ದಪ್ಪನಾಗಿ ಬಳಿದು, ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದ. ಬಣ್ಣ ಕರೆಂಟನ್ನು ದಾಟಗೊಡುತ್ತಿರಲಿಲ್ಲ. ಆಕೆ ಎಂಜಿನ್ನು ಆರಿಸಿ ಅದನ್ನು ಬಿಚ್ಚಿದರು. ಉಪ್ಪು ಕಾಗದದಿಂದ ತಿಕ್ಕಿ ತಿಕ್ಕಿ ಕಬ್ಬಿಣ ಬಿಳುಪಾಗಿ ಹೊಳೆಯುವಂತೆ ಮಾಡಿ, ಬೋಲ್ಟು ಬಿಗಿದರು. ಮಾವನ ಮುಖ ಹಿಂಡಿಕೊಂಡಿತು. ಕಾರು ಸರಿಯಾದದ್ದಕ್ಕಿಂತ ಬಣ್ಣ ಹೋದದ್ದೇ ಅವನಿಗೆ ದೊಡ್ಡದಾಗಿತ್ತು.

ಕೈ ಒರೆಸಿಕೊಳ್ಳುತ್ತ ಆಕೆ ನನ್ನ ಅಂಗಿ ನೋಡಿದರು. "ಕಾರ್ಖಾನೇಲಿ ಏನ್ ಕೆಲ್ಸ ನಿಂದು?"

ಮಾವ ಬಾಯಿ ತೆರೆಯುವ ಮೊದಲೇ, "ಬಾಗ್ಲಿಗೆ ರಬ್ಬರ್ ಹಾಕ್ತೀನಿ ಅಕ್ಕ," ಅಂದೆ. ಗಿರಾಕಿಗಳಲ್ಲೊಬ್ಬ ಮುಖ ತಿರುಗಿಸಿ ನಕ್ಕ.

"ಅದೂ ಬೇಕಲ್ಲಪ್ಪ. ಮಳೆ ನೀರು ಒಳಕ್ಕೆ ಬರ್ದಂಗೆ," ಅಂದರು. ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಊರಿಗೆ ಮರಳಿದ ಮೇಲೆ ಮಾವ ಜಗುಲಿಯ ಮೇಲೆ ಕೂತು, "ನಮ್ಮುಡುಗನೇ ಕಂಡುಹಿಡ್ದ. ಕುದೂರಿನಾಗೆ ಯಾರೋ ಹೆಂಗಸಿನ ಕೈಲಿ ಒಂದು ಬೋಲ್ಟು ಬಿಗಿಸ್ದ, ಅಷ್ಟೇಯ," ಎಂದು ಹೇಳಿಕೊಂಡ. ನಾನು ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದೆ. ಹಾಗಲ್ಲವೆನ್ನಬಹುದಿತ್ತು. ಲೋಟ ಖಾಲಿ ಮಾಡಿ ಇನ್ನರ್ಧ ಲೋಟ ಹಾಕಿಸಿಕೊಂಡೆ. ಮಾವನನ್ನು ನಾನು ಎಷ್ಟು ಹಳಿದರೂ, ಆ ಸುಳ್ಳಿಗೆ ನೆರಳು ಕೊಟ್ಟವನು ನಾನೇ.

ಎರಡು ವಾರ ಕಳೆದು ಪಕ್ಕದ ಬೀದಿಯವರು ತಮ್ಮ ವ್ಯಾನಿನ ಸೆಲ್ಫ್ ಸರಿಯಾಗಿ ಎಳೆಯುತ್ತಿಲ್ಲವೆಂದು ಕರೆಯಲು ಬಂದರು. ನನಗೆ ಗೊತ್ತಿಲ್ಲ ಅಂದೆ. ಅವರು ನಂಬಲಿಲ್ಲ, ಕೊಬ್ಬು ಅಂದುಕೊಂಡರು. ಕುದೂರಿನ ಅಂಗಡಿಗೆ ಹೋಗಿ ಎಂದು ದಾರಿ ಹೇಳಿದೆ. "ಪಂಪ್‌ಸೆಟ್ಟಿನ ಹೆಂಗಸಿಗೆ ವ್ಯಾನಿನ ವಿಷಯ ಏನು ಗೊತ್ತು?" ಎಂದು ಅವರು ರಾಮನಗರಕ್ಕೆ ಹೋದರು. ಅಲ್ಲಿ ಹೊಸ ಬ್ಯಾಟರಿ ಹಾಕಿಸಿಕೊಂಡು, ಮೂರನೆಯ ದಿನ ಮತ್ತೆ ತಳ್ಳುತ್ತಿದ್ದರು.