ಗೋಡೆಗೆ ಹೊದಿಸಿದ ಕೌದಿ

ನಮ್ಮ ಮನೆಯ ಸಾಮಾನುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಯಾವುದು ಎಂದು ಕೇಳಿದರೆ, ಪಡಸಾಲೆಯ ಖಾಲಿ ನೆಲ ಎನ್ನುತ್ತೇನೆ. ನಗಬೇಡಿ. ಮದುವೆಯಾಗಿ ರಾಣೆಬೆನ್ನೂರಿಗೆ ಬಂದಾಗಿನಿಂದ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ ಕೌದಿ ಹೊಲಿಯುತ್ತ ಬಂದವಳು ನಾನು. ಕಾಲು ಚಾಚಿ ಕೂರಲು, ಬಟ್ಟೆಯನ್ನು ಸುಕ್ಕಿಲ್ಲದೆ ಹರವಲು, ಮೂಲೆಗಳ ಮೇಲೆ ಗುಂಡುಕಲ್ಲು ಹೇರಿ ಅದು ಅಲುಗದಂತೆ ಹಿಡಿದಿಡಲು ನನಗೆ ಬೇಕಾದದ್ದು ಅದೊಂದೇ. ಆದರೆ ನೆಲ ಅಂಗಡಿಯಲ್ಲಿ ಸಿಗುವುದಿಲ್ಲ, ಬಂದವರಿಗೆ ತೋರಿಸಿ ಮೆರೆಯಲು ಬರುವುದಿಲ್ಲ. ಹೀಗಾಗಿ ಅದು ನಮ್ಮ ಮನೆಯವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಿದ್ದದ್ದು ಕಳೆದ ವರ್ಷ, ಅದರ ಮೇಲೆ ಇಡಲು ಸೋಫಾ ಬಂದಾಗ.

ಮನೆಯ ಅಂದಚೆಂದದ ಬಗ್ಗೆ ನನಗೂ ಅಭಿರುಚಿಯಿದೆ, ಯಾರೂ ಕೇಳಿಲ್ಲ ಅಷ್ಟೇ. ಕಿಟಕಿ ತಗ್ಗಿನಲ್ಲಿರಬೇಕು, ಮಧ್ಯಾಹ್ನದ ಬೆಳಕು ನೇರವಾಗಿ ನನ್ನ ಮಡಿಲಿಗೆ ಬೀಳಬೇಕು. ಸೂಜಿ ಕೈಜಾರಿದರೆ ಕಾಣುವಂತೆ ನೆಲಕ್ಕೆ ಒಂದೇ ಬಣ್ಣವಿರಬೇಕು. ದಾರದ ಉಂಡೆಗಳಿಗೆ ಒಂದು ಬಿಸ್ಕತ್ತಿನ ಡಬ್ಬಿ ಸಾಕು. ನನ್ನದು ಎಷ್ಟು ಹಳೆಯದೆಂದರೆ ಮುಚ್ಚಳದ ಮೇಲಿನ ಹುಡುಗಿಯ ಮುಖ ಸವೆದು ಈಗ ಬರೀ ಜಡೆ ಉಳಿದಿದೆ. ಇಷ್ಟು ಕನಿಷ್ಠ ಬೇಡಿಕೆಯ ಗೃಹಿಣಿ ಇಡೀ ಹಾವೇರಿ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ಅದಕ್ಕೇ ಇರಬೇಕು, ನಮ್ಮ ಯಜಮಾನರು ಮನೆಯ ವಿನ್ಯಾಸಕ್ಕೆ ಹಾವೇರಿಯಿಂದಲೇ ಒಬ್ಬ ತಜ್ಞನನ್ನು ಕರೆಸಿದರು.

ಯಜಮಾನರದು ಬಿತ್ತನೆ ಬೀಜದ ಅಂಗಡಿ. ಯಾವ ಬೀಜ ಯಾವ ಮಣ್ಣಿಗೆ ಎಂದು ಊರಿಗೆಲ್ಲ ಹೇಳುವ ಮನುಷ್ಯನಿಗೆ ಯಾವ ಸೋಫಾ ಯಾವ ಪಡಸಾಲೆಗೆ ಎಂಬುದು ಮಾತ್ರ ಹೊಳೆಯಲಿಲ್ಲ. ಸೋಫಾದ ಹುಚ್ಚು ಹತ್ತಿಸಿದವರು ನಮ್ಮ ಬೀಗರು. ಮಗಳು ಶೋಭಾಳನ್ನು ಕೊಟ್ಟದ್ದು ಬ್ಯಾಡಗಿಗೆ, ಮೆಣಸಿನಕಾಯಿ ವ್ಯಾಪಾರಸ್ಥರ ಮನೆಗೆ. ಅವರ ಪಡಸಾಲೆಯಲ್ಲಿ ಮೊದಲು ಚಾಪೆಯ ಮೇಲೆ ಕುಳಿತು ಸೀನುತ್ತಿದ್ದೆವು. ಈಗ ಮೂಲೆಗೆ ತಿರುಗುವ ದೊಡ್ಡ ಸೋಫಾದ ಮೇಲೆ ಕುಳಿತು ಸೀನುತ್ತೇವೆ. ಈ ಪ್ರಗತಿ ನಮ್ಮವರ ಮನಸ್ಸಿಗೆ ನಾಟಿತು. ಶೋಭಾಳ ಕುಬಸಕ್ಕೆ, ಅಂದರೆ ಚೊಚ್ಚಲ ಬಸುರಿಯ ಆರತಿಯ ಕಾರ್ಯಕ್ಕೆ, ಬೀಗರು ನಮ್ಮ ಮನೆಗೆ ಬರುವವರಿದ್ದರು.

"ಅವರು ಬಂದಾಗ ಚಾಪಿ ಹಾಸೂದೇನ? ನಾಕ ಮಂದ್ಯಾಗ ಮಾನ ಹೋಗತೈತಿ" ಎಂದರು.

"ಮತ್ತ ನಾ ಕೌದಿ ಎಲ್ಲಿ ಹಾಸ್ಕೊಂಡು ಹೊಲೀಲ್ರಿ?" ಎಂದೆ.

"ಸೋಫಾದ ಮ್ಯಾಲೆ ಕುಂತು ಆರಾಮ ಹೊಲಿ. ಯಾರ ಬ್ಯಾಡಂದಾರ?"

ಕೌದಿಯನ್ನು ಸೋಫಾದ ಮೇಲೆ ಹೊಲಿಯಬಹುದು ಎಂದು ತಿಳಿದ ಗಂಡನನ್ನು ಅಲ್ಲೇ ಬಿಟ್ಟು ಒಳಕೋಣೆಗೆ ಹೋದೆ. ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲಿ ಮೈ ತುರುಕಿ, ಬಟ್ಟೆಯನ್ನು ಮಡಚಿ ಮಡಚಿ ಹೊಲಿದೆ. ಹೊಲಿಯದೆ ಬಿಡುವಂತಿರಲಿಲ್ಲ, ಅದು ನನ್ನ ಅವ್ವನ ಸೀರೆಗಳ ಕೌದಿ. ಕರ್ಜಗಿಯಲ್ಲಿದ್ದ ಅವ್ವ ತೀರಿಕೊಳ್ಳುವ ಮುಂಚೆ ಟ್ರಂಕಿನತ್ತ ಕೈ ಮಾಡಿ ಹೇಳಿದ್ದಳು: "ನನ್ನ ಸೀರಿ ಯಾರಿಗೂ ಕೊಡಬ್ಯಾಡ. ಶೋಭಾಗ ಕೂಸು ಆದಾಗ ಕೌದಿ ಹೊಲಿ. ಎತ್ತಿಕೊಳ್ಳಾಕ ನಾ ಇರತೇನೋ ಇಲ್ಲೋ." ಅವಳು ಇರಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಅವಳಿಗಿದ್ದದ್ದು ಇನ್ನು ಈ ಕೌದಿಯೊಂದೇ.

ಹೀಗಿರುವಾಗ ನಮ್ಮ ತಜ್ಞರು ಅಳತೆಯ ಟೇಪು ಹಿಡಿದು ಒಳಕೋಣೆಗೆ ಇಣುಕಿದರು. ಅದಾಗಲೇ ನಮ್ಮ ಗಟ್ಟಿಮುಟ್ಟಾದ ಮಾಳಿಗೆಯ ಕೆಳಗೆ ಇನ್ನೊಂದು ಪೊಳ್ಳು ಮಾಳಿಗೆ ಕಟ್ಟಿಸಿ, ಅದರ ತುಂಬ ಚಿಕ್ಕಚಿಕ್ಕ ದೀಪ ಚುಚ್ಚಿ, ಬೆಳಕೆಲ್ಲ ನೆತ್ತಿಯ ಮೇಲೆ ಬಿದ್ದು ಸೂಜಿಯ ಕಣ್ಣು ಮಾತ್ರ ಕಾಣದಂತೆ ಮಾಡಿದ್ದ ಮಹನೀಯರು ಅವರು. ನನ್ನ ಕಾಲ ಮೇಲಿದ್ದ ಕೌದಿ ನೋಡಿ ಅವರ ಮುಖ ಅರಳಿತು.

"ಸೋಫಾದ ಮ್ಯಾಲಿನ ಗ್ವಾಡಿ ಖಾಲಿ ಖಾಲಿ ಅನಸಾಕತ್ತಿತ್ರಿ ಆಂಟಿ. ಇದನ್ನ ಗಾಜಿನ ಫ್ರೇಮಿನ್ಯಾಗ ಹಾಕಿದ್ರ ಏನ್ ಲುಕ್ ಬರತೈತಿ ನೋಡ್ರಿ!"

ಬೇಡ ಎಂದೆ. ಕೂಸಿನದು ಎಂದೆ. ಯಜಮಾನರು ನಡುವೆ ಬಂದು, "ಕುಬಸ ಮುಗಿಯೂತನಕಾ ಇರಲಿ ತಗೀ, ಆಮ್ಯಾಲ ಇಳಸೋಣು" ಎಂದರು. ಮಗಳ ಕಾರ್ಯದ ಹೊತ್ತಿಗೆ ಮನೆಯಲ್ಲಿ ಜಗಳ ಬೇಡವೆಂದು ಸುಮ್ಮನಾದೆ. ಹೇಗೂ ಕೊನೆಯ ಮೂಲೆಯೊಂದು ಹೊಲಿಯುವುದಿತ್ತು. ನಮ್ಮಲ್ಲಿ ಕೌದಿಯ ಕೊನೆಯ ಮೂಲೆಯನ್ನು ಬರಿದೆ ಮುಚ್ಚುವುದಿಲ್ಲ. ಅದರ ಹೊಟ್ಟೆ ಹಸಿದಿರಬಾರದೆಂದು ಒಂದು ಚೂರು ರೊಟ್ಟಿ, ಒಂದಿಷ್ಟು ಬೆಲ್ಲ ಒಳಗಿಟ್ಟು ಹೊಲಿಗೆ ಹಾಕುತ್ತೇವೆ. ನಾನೂ ಇಟ್ಟೆ. ಅವ್ವನಿಗೆ ಸಿಹಿಯೆಂದರೆ ಜೀವ, ಬೆಲ್ಲ ಸ್ವಲ್ಪ ಹೆಚ್ಚಾಗಿಯೇ ಬಿತ್ತು.

ಫ್ರೇಮು ಗೋಡೆಗೇರಿದ ಮೇಲೆ ತಜ್ಞರು ಅದನ್ನು ಬಡಿದು ತೋರಿಸಿ, "ಸುತ್ತಲೂ ಅಂಟು ಹಾಕಿ ಪ್ಯಾಕ್ ಮಾಡೇನ್ರಿ ಆಂಟಿ. ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದನ್ನ ಯಾರೂ ಮುಟ್ಟಾಂಗಿಲ್ಲ" ಎಂದು ಹೆಮ್ಮೆಪಟ್ಟರು. ಯಜಮಾನರ ಕಡೆ ನೋಡಿದೆ. ಅವರು ಪೊಳ್ಳು ಮಾಳಿಗೆಯ ದೀಪಗಳ ಸೌಂದರ್ಯವನ್ನು ಆಸ್ವಾದಿಸುತ್ತಿದ್ದರು. ಮೈಗೆ ಹೊದೆಯುವುದನ್ನು ಗೋಡೆಗೆ ಹೊದಿಸಿ, ಕೂಸಿಗೆ ಸಿಗಬೇಕಾದದ್ದನ್ನು ಗಾಜಿಗೆ ಕೊಟ್ಟು, ಅದಕ್ಕೆ ನಾವು ಅಭಿರುಚಿ ಎಂದು ಹೆಸರಿಟ್ಟಿದ್ದೆವು. ಅಂದು ಅಡಿಗೆಮನೆಯಲ್ಲಿ ನಿಂತು ಅತ್ತೆ. ಸಿಟ್ಟೂ ಇತ್ತು, ಅವ್ವನ ನೆನಪೂ ಇತ್ತು, ಒಗ್ಗರಣೆಯ ಮೆಣಸಿನಕಾಯಿಯೂ ಬೀಗರದೇ ಆಗಿತ್ತು.

ಕುಬಸದ ದಿನ ಬಂತು. ಬೀಗತಿ ಸೋಫಾದ ನಟ್ಟನಡುವೆ, ಫ್ರೇಮಿನ ಕೆಳಗೇ ವಿರಾಜಮಾನರಾದರು. ಯಜಮಾನರು ಸೋಫಾದ ಮೆದುವನ್ನು ವರ್ಣಿಸುತ್ತಿದ್ದಂತೆ ಬೀಗತಿ ಕತ್ತು ಕೆರೆದುಕೊಂಡರು. ಆಮೇಲೆ ಬೆನ್ನು. ಆಮೇಲೆ "ಅಯ್ಯ ಯವ್ವಾ!" ಎಂದು ಚಂಗನೆ ಎದ್ದು ನಿಂತರು. ನೋಡುತ್ತೇನೆ, ಹಾಲುಬಣ್ಣದ ಹೊಸ ಗೋಡೆಯ ಮೇಲೆ ಕೆಂಪಿರುವೆಗಳ ಸಾಲು, ಪೊಳ್ಳು ಮಾಳಿಗೆಯಿಂದ ಹೊರಟು ಫ್ರೇಮಿನ ಹಿಂದಿನ ಸಂದಿಯೊಳಗೆ ನುಗ್ಗುತ್ತಿತ್ತು. ಅಂಟು ಹಾಕಿದವರಿಗೆ ಕಾಣದ ದಾರಿ ಇರುವೆಗೆ ಕಂಡಿತ್ತು. ದಾರಿ ತಪ್ಪಿದವು ಬೀಗತಿಯ ಮೇಲೆ ಉದುರಿದ್ದವು.

ಸೆರಗು ಕೊಡವಿಕೊಂಡು ಬೀಗತಿ ಗೋಡೆ ನೋಡಿದರು, ನನ್ನನ್ನು ನೋಡಿದರು.

"ಅಕ್ಕಾರ, ಕೌದಿಗೆ ರೊಟ್ಟಿ ಇಟ್ಟೀರೇನ್ರಿ?"

"ಇಟ್ಟೇನ್ರಿ. ಉಪಾಸ ಕೌದಿ ಹ್ಯಾಂಗ ಮುಚ್ಚಲ್ರಿ?"

"ಅದು ಖರೇನ. ಆದ್ರ ಇದನ್ನ ಗ್ವಾಡಿಗ್ಯಾಕ ಹೊದಿಸೀರಿ? ಗ್ವಾಡಿಗೇನ ಥಂಡಿ ಹತ್ತೈತೇನ್ರಿ?"

ಪಡಸಾಲೆಯ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಶೋಭಾ ಮಾತ್ರ ನಗಲಿಲ್ಲ, ತುಂಬಿದ ಬಸಿರು ಹೊತ್ತು ಎದ್ದು ಬಂದು, "ಅಪ್ಪಾ, ಅದು ನಮ್ಮ ಅಮ್ಮನ ಸೀರಿ. ನನ್ನ ಕೂಸಿಂದು. ಇಳಸ್ರಿ" ಎಂದಳು. ಅಜ್ಜಿಯನ್ನು ಅವಳು ಕರೆಯುತ್ತಿದ್ದದ್ದೇ ಅಮ್ಮ ಎಂದು. ಯಜಮಾನರು ಸೋಫಾದ ಮೇಲೆ ಹತ್ತಿ ಫ್ರೇಮು ಇಳಿಸಿದರು. ಧೂಳು ಕಾಲಲ್ಲೇ ಹತ್ತಿದರು ಎಂಬುದನ್ನು ನಾನು ವಿಶೇಷವಾಗಿ ನೆನಪಿಟ್ಟುಕೊಂಡಿದ್ದೇನೆ.

ಇರುವೆ ಹೊಕ್ಕ ಸೋಫಾದ ಮೇಲೆ ಯಾರೂ ಕೂರಲೊಲ್ಲರು. ಅದನ್ನು ಜಗಲಿಗೆ ನೂಕಿದ್ದಾಯಿತು, ನೆಲ ಮತ್ತೆ ಬಯಲಾಯಿತು, ಯಾವ ಚಾಪೆಯಿಂದ ಮಾನ ಹೋಗುವುದಿತ್ತೋ ಅದೇ ಚಾಪೆಯ ಮೇಲೆ ಆರತಿ ನಡೆಯಿತು. ಊಟವಾದ ಮೇಲೆ ಬೀಗತಿ ನನ್ನೆದುರು ಕಾಲು ಚಾಚಿ ಕುಳಿತು, ಫ್ರೇಮಿನ ಅಂಟು ಕಿತ್ತು ಹೊರತೆಗೆದು ಇರುವೆ ಕೊಡವಿದ ಕೌದಿಯ ಮೂಲೆ ಬಿಚ್ಚಿ, ಹೊಸ ರೊಟ್ಟಿಯ ಚೂರು ಇಟ್ಟು, "ಈಗ ಹೊಲೀರಿ" ಎಂದು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಬೀಗತಿಯ ಮೇಲೆ ನನಗೆ ಅಂದು ಹುಟ್ಟಿದ ಪ್ರೀತಿ ಇನ್ನೂ ಕಡಿಮೆಯಾಗಿಲ್ಲ.

ಈಗ ಕೂಸಿಗೆ ಮೂರು ತಿಂಗಳು. ಮೊದಲ ದಿನವೇ ಅವ್ವನ ಸೀರೆಗಳನ್ನು ಒದ್ದೆ ಮಾಡಿದಳು, ದಿನವೂ ಮಾಡುತ್ತಾಳೆ. ಒಗೆದ ಕೌದಿಯನ್ನು ಜಗಲಿಯ ಸೋಫಾದ ಬೆನ್ನ ಮೇಲೆ ಹರವುತ್ತೇನೆ. ಬಿಸಿಲು ಚೆನ್ನಾಗಿ ಬೀಳುತ್ತದೆ, ಒಣಹಾಕಲು ಅಷ್ಟು ಅಗಲವಾದ ಸಾಮಾನು ಮನೆಯಲ್ಲಿ ಇನ್ನೊಂದಿಲ್ಲ. ತಜ್ಞರ ಆಯ್ಕೆಯನ್ನು ನಾನು ಈಗ ಮನಸಾರೆ ಮೆಚ್ಚುತ್ತೇನೆ. ಒಣಗಿದ ಮೇಲೆ ಪಡಸಾಲೆಗೆ ತಂದು ಹಾಸಿದರೆ ಕೂಸು ಅದರ ಮೇಲೆ ಮಲಗಿ ಕಾಲು ಬಡಿಯುತ್ತಾಳೆ, ಅಂಗಡಿಯಿಂದ ಬಂದ ಅಜ್ಜ ಪಕ್ಕದಲ್ಲಿ ಅಂಗಾತ ಬಿದ್ದು ಪೊಳ್ಳು ಮಾಳಿಗೆಯ ದೀಪಗಳನ್ನು ಅವಳಿಗೆ ತೋರಿಸುತ್ತಾರೆ. ನನಗೆ ಹೊಲಿಯಲು ಮತ್ತೆ ಜಾಗವಿಲ್ಲ. ಖಾಲಿ ನೆಲ ನನಗೆ ಪ್ರಿಯ ಎಂದು ಮೊದಲು ಹೇಳಿದೆನಲ್ಲ, ಅದರಲ್ಲಿ ಖಾಲಿ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.