ಲೆನ್ಸಿನ ಪರೀಕ್ಷೆಗೆ ನಿಂತವಳು

ಮೂಡಲಗಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಗೋಕಾಕ, ಹುಕ್ಕೇರಿ ಕಡೆಯ ಫೋಟೋಗ್ರಾಫರುಗಳು ಲೆನ್ಸ್ ಕೊಳ್ಳುವ ಮೊದಲು ನನಗೆ ತೋರಿಸುತ್ತಿದ್ದರು. ನಾನು ಚೊಲೋ ಅಂದರೆ ಚೊಲೋ. ಆ ಸೊಕ್ಕು ನನಗೆ ಬಹಳ ಇತ್ತು, ಸುಳ್ಳು ಯಾಕೆ ಹೇಳಲಿ.

ಹಿತ್ತಲ ಗೋಡೆಗೆ ಸುದ್ದಿ ಪೇಪರಿನ ಹಾಳೆ ಅಂಟಿಸಿ, ಕ್ಯಾಮರಾ ಸ್ಟ್ಯಾಂಡಿಗೆ ಹಾಕಿ ಹೊಡೆಯುತ್ತಿದ್ದೆ. ಆಮೇಲೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ಮೂಲೆಯ ಅಕ್ಷರ ಓದುವುದು. ನಡುವೆ ಎಲ್ಲ ಲೆನ್ಸೂ ಚೆಂದವೇ. ಬಂಡವಾಳ ಹೊರಬೀಳುವುದು ಮೂಲೆಯಲ್ಲಿ. ಅಕ್ಷರವಷ್ಟೇ ಸಾಲದೆಂದು ಹೆಂಡತಿಯನ್ನೂ ಕರೆದು ಆ ಮೂಲೆಗೇ ನಿಲ್ಲಿಸುತ್ತಿದ್ದೆ. ಅವಳ ಸೀರೆಯಂಚಿನ ದಡಿಯ ಎಳೆ ಎಣಿಸಲು ಬಂದರೆ ಲೆನ್ಸ್ ಪಾಸು.

"ಒಲಿ ಮ್ಯಾಲ ಸಾರು ಉಕ್ಕಾಕತ್ತೈತ್ರಿ. ಎಷ್ಟೊತ್ತು ನಿಂದ್ರಲಿ?" ಅನ್ನುತ್ತಿದ್ದಳು.

"ಅಲ್ಲಾಡಬ್ಯಾಡ ಅಂದ್ರ ತಿಳಿಯೂದಿಲ್ಲೇನು ನಿನಗ?"

"ಇಷ್ಟು ಫೋಟೋ ತಗೀತೀರಿ, ಒಂದಾದ್ರೂ ತೋರಸ್ರಿ ನೋಡೂನು."

"ಅದು ನಿನ್ನ ಫೋಟೋ ಅಲ್ಲ, ಲೆನ್ಸಿಂದು," ಎಂದು ಒಮ್ಮೆ ಅಂದುಬಿಟ್ಟೆ. ನಕ್ಕು ಒಳಗೆ ಹೋದಳು. ಮತ್ತೆಂದೂ ಕೇಳಲಿಲ್ಲ.

ಘೋಡಗೇರಿಯಲ್ಲಿ ಮದುವೆ ಫೋಟೋ ತೆಗೆಯುವ, ನನ್ನದೇ ವಯಸ್ಸಿನವನೊಬ್ಬ ತನ್ನ ಹಳೆಯ ಲೆನ್ಸ್ ತಂದ. ಮೂಲೆಯ ಅಕ್ಷರ ಕಲಸಿದ ಗಂಜಿ. "ಗುಜರಿಗೆ ಹಾಕು ಮಾರಾಯಾ," ಎಂದು ನಾಲ್ಕು ಜನರ ಎದುರು ನಗಾಡಿದೆ.

"ಮಂದಿ ಚೊಲೋ ಬರ್ತಾರ್ರಿ ಇದರಾಗ," ಅಂದ.

"ನಾವು ನೋಡೂದು ಲೆನ್ಸ್, ಮಂದಿನಲ್ಲ," ಅಂದೆ. ಅವನು ಲೆನ್ಸನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋದ.

ಹೋದ ವರ್ಷ ಒಂದು ಮಧ್ಯಾಹ್ನ ಎದೆನೋವು ಅಂದ ಹೆಂಡತಿ, ಗೋಕಾಕದ ದವಾಖಾನೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಳು. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಮನೆಮಂದಿಯೆಲ್ಲ ಅಕ್ಕಪಕ್ಕ ಕುಳಿತು ಕೊನೆಯ ಫೋಟೋ ತೆಗೆಸುತ್ತಾರೆ. ಅಂಥವು ಎಷ್ಟು ಮನೆಗಳಲ್ಲಿ ತೆಗೆದಿದ್ದೆನೋ! ಅವತ್ತು ನಾನೇ ಕೂಡಬೇಕಿತ್ತು. ಸುದ್ದಿ ಕೇಳಿ ಕ್ಯಾಮರಾ ಹಿಡಿದು ಬಂದವನು ಘೋಡಗೇರಿಯವನು. ಅದೇ ಲೆನ್ಸ್.

ಮಣ್ಣು ಮಾಡಿ ಬಂದ ಮೂರನೆಯ ದಿನ, ನಾಗನೂರಿಗೆ ಕೊಟ್ಟ ಮಗಳು ಗೋಡೆಗೆ ಹಾಕಲು ಅವ್ವನದೊಂದು ಫೋಟೋ ಕೇಳಿದಳು. ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತೆವು. ನೂರಾರು ಇದ್ದವು. ಎಲ್ಲದರಲ್ಲೂ ಅವಳು ಮೂಲೆಯಲ್ಲಿ. ಹೆಚ್ಚು ಅಗಲ ಹಿಡಿಯುವ ಲೆನ್ಸಿನ ಅಂಚಿಗೆ ನಿಂತವರ ಮುಖ ಜಗ್ಗಿದಂತಾಗುತ್ತದೆ. ಹಾಗೆ ಜಗ್ಗಿದ ಮುಖ, ಬಿಸಿಲಿಗೆ ಕಿರಿದಾದ ಕಣ್ಣು, ಅರ್ಧ ಕತ್ತರಿಸಿದ ಕೈ. ಸೀರೆ ದಡಿಯ ಎಳೆ ಮಾತ್ರ ಒಂದೊಂದೂ ಸ್ಪಷ್ಟ. ನನ್ನ ಮೇಲೇ ನನಗೆ ಹೇಸಿಕೆಯಾಯಿತು.

ಉಳಿದದ್ದು ಘೋಡಗೇರಿಯವನ ಫೋಟೋ. ಅದರಲ್ಲಿ ಅವಳು ಅವಳಂತೆಯೇ ಇದ್ದಳು. ನಂಬಲಾಗದೆ, ಮರುದಿನ ಅವನಿಂದ ಲೆನ್ಸ್ ತರಿಸಿ ಮತ್ತೆ ಪೇಪರಿನ ಎದುರು ಇಟ್ಟೆ. ಮತ್ತೆ ಫೇಲ್. ಪರೀಕ್ಷೆ ಖರೆಯೇ ಹೇಳುತ್ತಿತ್ತು. ಆದರೆ ನಾನು ಅದನ್ನು ಕೇಳುತ್ತಿದ್ದುದು ಅಕ್ಷರದ ಬಗ್ಗೆಯಷ್ಟೇ.

ಆ ಫೋಟೋವನ್ನೇ ದೊಡ್ಡದು ಮಾಡಿಸುವುದೆಂದಾಯಿತು. ಸತ್ತವರ ಮುಚ್ಚಿದ ಕಣ್ಣನ್ನು ಕಂಪ್ಯೂಟರಿನಲ್ಲಿ ತೆರೆಸಿ ಕೊಡುವುದು ನಮ್ಮ ಸ್ಟುಡಿಯೋಗಳ ರೂಢಿ. ಬೇರೆ ಫೋಟೋದ ಕಣ್ಣು ತಂದು ಕೂಡಿಸಲು ನಾನು ಮೌಸ್ ಹಿಡಿದೆ. ಮಗಳು ನನ್ನ ಕೈ ಹಿಡಿದಳು. ಫೋಟೋದಲ್ಲಿ ಮನೆಮಂದಿಯೆಲ್ಲ ಕ್ಯಾಮರಾ ನೋಡುತ್ತಿದ್ದರು. ನಾನೊಬ್ಬನೇ ಕತ್ತು ಹೊರಳಿಸಿ ಹೆಂಡತಿಯನ್ನು ನೋಡುತ್ತಿದ್ದೆ.

"ಬ್ಯಾಡ ಅಪ್ಪಾ," ಅಂದಳು. "ಆಕಿ ಕಣ್ಣ ಮುಚ್ಚಿದ ಮ್ಯಾಲ ನೀ ಹಿಂಗ ನೋಡಿದ್ದು ಅವ್ವಗ ಗೊತ್ತಾಗಿಲ್ಲ. ಈಗ ಯಾಕ ಆಕಿ ಕಣ್ಣ ತೆರಸ್ತಿ?"

ಕಣ್ಣು ಮುಚ್ಚಿದ ಫೋಟೋವನ್ನೇ ಗೋಡೆಗೆ ಹಾಕಿದೆವು.